ರೇಡಿಯೋ ಪೆಟ್ಟಿಗೆಯ ಬೆನ್ನ ಹಲಗೆ

ಹಳೆಯ ವಾಲ್ವು ರೇಡಿಯೋವನ್ನು ಎದುರಿನಿಂದ ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬೆನ್ನ ಕಡೆಯಿಂದ ನೋಡಿದವರು ಕೆಲವರು ಮಾತ್ರ. ಎದುರಿಗೆ ಹೊಳಪು ಹಚ್ಚಿದ ಮರ, ಧ್ವನಿ ಹೊರಬೀಳುವ ಬಟ್ಟೆಯ ಪರದೆ, ದೂರದೂರದ ಪಟ್ಟಣಗಳ ಹೆಸರುಗಳನ್ನು ಅಚ್ಚೊತ್ತಿದ ಗಾಜಿನ ಫಲಕ, ತಿರುಗಿಸುವ ಗುಂಡಿಗಳು. ಇವೆಲ್ಲ ಮನೆಯ ಅಂದಕ್ಕೆ ಒದಗಿದುವು. ಹಿಂದೆ ಇದ್ದುದು ತೂತುಗಳನ್ನು ಕೊರೆದ ಒಂದು ಒರಟು ರಟ್ಟಿನ ಹಲಗೆ. ನಾಲ್ಕು ತಿರುಪುಗಳನ್ನು ಸಡಿಲಿಸಿದರೆ ಅದು ಕೈಗೆ ಬರುತ್ತಿತ್ತು. ಒಳಗೆ ಅಂಟಿಸಿದ ಒಂದು ಕಾಗದ. ಆ ಕಾಗದದ ಮೇಲೆ ಯಂತ್ರದ ಪೂರ್ಣ ನಕ್ಷೆ. ಯಾವ ವಾಲ್ವು ಎಲ್ಲಿ, ಯಾವ ತಂತಿ ಎಲ್ಲಿಂದ ಎಲ್ಲಿಗೆ, ಎಲ್ಲಿ ಎಷ್ಟು ವೋಲ್ಟು ಎಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಎಲ್ಲ ತಯಾರಕರೂ ಹೀಗೆ ಮಾಡುತ್ತಿದ್ದರೆಂದಲ್ಲ; ಅನೇಕರು ಮಾಡುತ್ತಿದ್ದರು. ಅಂಟಿಸದವರೂ ರಿಪೇರಿಯವರಿಗಾಗಿ ನಕ್ಷೆಯ ಪುಸ್ತಕಗಳನ್ನು ಅಚ್ಚು ಹಾಕಿಸುತ್ತಿದ್ದರು.

ಮಕ್ತಲ್ ಸೀಮೆಯ ನಮ್ಮ ಸೋದರಮಾವನ ಮನೆಯಿಂದ ಅಂಥದೊಂದು ಪೆಟ್ಟಿಗೆ ಈಚೆಗೆ ನಮ್ಮ ಶಾಲೆಗೆ ಬಂದಿತು. ಅದು ಮೂಕವಾಗಿ ಎಷ್ಟೋ ವರ್ಷಗಳಾಗಿವೆ. ಮಕ್ಕಳ ಎದುರಿನಲ್ಲಿ ಬೆನ್ನ ಹಲಗೆಯನ್ನು ಕಳಚಿದಾಗ ನಕ್ಷೆಯ ಕಾಗದ ಹಾಗೆಯೇ ಇದ್ದಿತು. ಅದರ ಅಂಚಿನಲ್ಲಿ ಪೆನ್ಸಿಲಿನ ಬರವಣಿಗೆ: ಮೇಲೆ ಉರ್ದು ಅಂಕಿಗಳು, ಅವುಗಳ ಕೆಳಗೆ ತೆಲುಗಿನಲ್ಲಿ ಎರಡು ಮಾತು, ಇನ್ನೂ ಕೆಳಗೆ ಕನ್ನಡದಲ್ಲಿ ಒಂದು ಸಾಲು. ಪೆಟ್ಟಿಗೆ ಕೆಟ್ಟಾಗಲೆಲ್ಲ ತೆರೆದವರು ತಮ್ಮ ಕೆಲಸವನ್ನು ಮುಂದೆ ತೆರೆಯುವವನಿಗಾಗಿ ಗುರುತು ಮಾಡಿಟ್ಟಿದ್ದರು. ಹೀಗೆ ತೆರೆಯಲು ಬರುತ್ತಿದ್ದ ಪೆಟ್ಟಿಗೆಯು ತೆರೆಯಲಾಗದ ಪೆಟ್ಟಿಗೆಯಾದುದು ಹೇಗೆ ಎಂಬುದೇ ಈ ಲೇಖನದ ವಿಷಯ. ಇದು ಯಂತ್ರಶಾಸ್ತ್ರದ ಮಾತು ಮಾತ್ರವಲ್ಲ. ನಮ್ಮ ಗಡಿಸೀಮೆಯಲ್ಲಿ ಇದಕ್ಕೂ ಕನ್ನಡಕ್ಕೂ ಹತ್ತಿರದ ನಂಟಿದೆ.

ಆ ನಂಟನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಜಾಮರ ಕಾಲದಲ್ಲಿ ನಮಗೆ ಹತ್ತಿರದ ಬಾನುಲಿ ಹೈದರಾಬಾದಿನ ಡೆಕ್ಕನ್ ರೇಡಿಯೋ. 1950ರಲ್ಲಿ ಅದನ್ನು ಆಲ್ ಇಂಡಿಯಾ ರೇಡಿಯೋ ವಹಿಸಿಕೊಂಡಿತು. ಕನ್ನಡದ ಬಾನುಲಿಗೆ ಮೊದಲು ಮನೆ ಮಾಡಿಕೊಟ್ಟವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರೇಷಕವನ್ನಿಟ್ಟು ಅವರು ಆರಂಭಿಸಿದ ಕೇಂದ್ರವೇ ಆಕಾಶವಾಣಿ ಎಂಬ ಹೆಸರನ್ನು ನಾಡಿಗೆ ಪರಿಚಯ ಮಾಡಿಸಿತು. 1950ರ ಜನವರಿಯಲ್ಲಿ ಧಾರವಾಡದ ಕೇಂದ್ರ ಆರಂಭವಾಯಿತು.

ಅನಂತರ ಬಂದಿತು 1956ರ ನವೆಂಬರ್ 1. ಹೈದರಾಬಾದು ಸಂಸ್ಥಾನ ಮೂರು ಹೋಳಾಗಿ ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಆದರೆ ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳೂ ಕಲಬುರ್ಗಿ ಜಿಲ್ಲೆಯಲ್ಲಿದ್ದ ಕೊಡಂಗಲ್ ತಾಲ್ಲೂಕೂ ಮಹಬೂಬನಗರ ಜಿಲ್ಲೆಯ ಪಾಲಾದುವು. ನಾರಾಯಣಪೇಟೆ, ಮಕ್ತಲ್‌ಗಳು ಮೊದಲೇ ಅಲ್ಲಿದ್ದುವು. ಈಗ 2016ರಿಂದ ಗದ್ವಾಲಿಗೂ 2019ರಿಂದ ನಾರಾಯಣಪೇಟೆಗೂ ಬೇರೆಬೇರೆ ಜಿಲ್ಲೆಗಳಾಗಿವೆ. ರಾಜ್ಯದ ಹೆಸರೂ ಬದಲಾಗಿದೆ. ಅಂದು ಮನೆಯ ಮಾತು ಕನ್ನಡ, ಕಚೇರಿಯ ಮಾತು ಬೇರೆ ಎಂಬ ಸ್ಥಿತಿಯಲ್ಲಿ ಉಳಿದ ಕುಟುಂಬಗಳಿಗೆ ಕನ್ನಡವು ದಿನವೂ ಹೊರಗಿನಿಂದ ಬಂದು ಮಾತನಾಡಿಸುತ್ತಿದ್ದ ದಾರಿಗಳು ಎರಡೇ: ಕನ್ನಡ ಶಾಲೆಯ ಮೇಷ್ಟ್ರು, ಮತ್ತು ರೇಡಿಯೋ. 1966ರಲ್ಲಿ ಕಲಬುರ್ಗಿಯ ಆಕಾಶವಾಣಿ ಕೇಂದ್ರ ಆರಂಭವಾಯಿತು. ಗಡಿಯ ಕಲ್ಲುಗಳು ಮಧ್ಯಮ ತರಂಗವನ್ನು ತಡೆಯುವುದಿಲ್ಲ. ಆಚೆಯ ಊರಿನವರು ಕೇಳಿದ ವಾರ್ತೆಯನ್ನೇ ಈಚೆಯ ಊರಿನವರೂ ಕೇಳಿದರು. ಇಂತಿರುವಾಗ ಊರಿನಲ್ಲಿದ್ದ ಒಂದೋ ಎರಡೋ ರೇಡಿಯೋಗಳು ಕೆಟ್ಟರೆ ಆ ಊರಿನ ಮಟ್ಟಿಗೆ ಕನ್ನಡದ ಒಂದು ಬಾಯಿ ಮುಚ್ಚಿದಂತೆಯೇ ಆಗುತ್ತಿತ್ತು. ರಿಪೇರಿಯವನ ಅಂಗಡಿಯನ್ನು ನಾವು ಈ ದೃಷ್ಟಿಯಿಂದಲೂ ನೋಡಬೇಕು.

ಆಗಿನ ರೇಡಿಯೋ ಕೆಡುವುದು ಅಪರೂಪವೇನಾಗಿರಲಿಲ್ಲ. ವಾಲ್ವಿನೊಳಗೆ ಕಾದು ಕೆಂಪಾಗುವ ಎಳೆಯೊಂದುಂಟು. ಬಲ್ಬಿನ ಎಳೆಯಂತೆಯೇ ಅದೂ ಒಂದು ದಿನ ಕಡಿಯುತ್ತದೆ. ಕತ್ತಲೆಯಲ್ಲಿ ಬೆನ್ನ ಹಲಗೆಯ ತೂತುಗಳಿಂದ ಇಣುಕಿದರೆ ಯಾವ ವಾಲ್ವು ಬೆಳಗುತ್ತಿಲ್ಲವೆಂಬುದು ಶಾಲೆಯ ಹುಡುಗನಿಗೂ ಕಾಣುತ್ತಿತ್ತು. ವಾಲ್ವಿಗೆ ಬೆಸುಗೆ ಇರಲಿಲ್ಲ. ಕಾಲುಗಳ ಮೇಲೆ ನಿಂತ ಅದನ್ನು ಮೆಲ್ಲನೆ ಅಲುಗಿಸಿ ಕಿತ್ತು, ಅದೇ ಸಂಖ್ಯೆಯ ಇನ್ನೊಂದನ್ನು ಒತ್ತಿದರೆ ಆಯಿತು. ಕಂಡೆನ್ಸರು ಒಣಗಿದರೆ ರೇಡಿಯೋ ಗುಂಯ್‌ಗುಡುತ್ತಿತ್ತು. ಆ ಸದ್ದನ್ನು ಕೇಳಿಯೇ ಬಲ್ಲವರು ಕಾಯಿಲೆಯನ್ನು ಹೇಳುತ್ತಿದ್ದರು. ಕೇಂದ್ರಗಳನ್ನು ಹುಡುಕುವ ಮುಳ್ಳನ್ನು ಎಳೆಯುತ್ತಿದ್ದುದು ಗಾಲಿಗಳ ಮೇಲೆ ಸುತ್ತಿದ ಒಂದು ದಾರ. ಅದು ಆಗಾಗ ಹರಿಯುತ್ತಿತ್ತು. ನಾರಾಯಣಪೇಟೆಯಂಥ ನೇಕಾರರ ಊರಿನಲ್ಲಿ ದಾರಕ್ಕೆ ಬರವೇ!

ನೇಕಾರಿಕೆಯ ಮಾತು ಬಂದುದರಿಂದ ಇದನ್ನೂ ಹೇಳುತ್ತೇನೆ. ಕುಣಿಮಗ್ಗದ ಮುಂದೆ ಕುಳಿತವನಿಗೆ ಯಂತ್ರವನ್ನು ಬಿಚ್ಚುವುದೂ ಕೂಡಿಸುವುದೂ ನೇಯ್ಗೆಯ ಒಂದು ಭಾಗವೇ. ಲಾಳಿ ಸವೆದರೆ ಬಡಗಿ ಬೇರೊಂದು ಮಾಡಿಕೊಡುತ್ತಾನೆ, ಹಣಿಗೆ ಕೆಟ್ಟರೆ ಅದೊಂದನ್ನೇ ಬದಲಾಯಿಸುತ್ತಾರೆ, ಮಗ್ಗವನ್ನು ಎಸೆಯುವುದಿಲ್ಲ. ಗದ್ವಾಲಿನ ಸೀರೆಯಲ್ಲಿ ಒಡಲು ಹತ್ತಿಯದು, ಅಂಚು ಸೆರಗುಗಳು ರೇಷ್ಮೆಯವು. ಎರಡನ್ನೂ ಎಳೆಗೆ ಎಳೆ ಕೂಡಿಸಿ ನೇಯುತ್ತಾರೆ. ಒಡಲು ಹರಿದ ಮೇಲೆಯೂ ಜರಿಯ ಅಂಚನ್ನು ಬಿಡಿಸಿ ಬೇರೊಂದಕ್ಕೆ ಹಚ್ಚಿ ಉಟ್ಟ ತಾಯಂದಿರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಇಂಥ ಊರುಗಳಿಗೆ ಬಂದ ರೇಡಿಯೋವನ್ನು ಜನ ಬೇಗನೆ ತಮ್ಮದನ್ನಾಗಿ ಮಾಡಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಕೌಶಲವೊಂದಿದ್ದರೆ ಸಾಲದು, ಬಿಡಿಭಾಗವೂ ದೊರೆಯಬೇಕು. ಈ ವಿಷಯದಲ್ಲಿ ಬೆಂಗಳೂರಿನ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯ ತಿಳಿಯಬೇಕು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಜಾಲಹಳ್ಳಿಯ ತನ್ನ ಕಾರ್ಖಾನೆಯಲ್ಲಿ 1961ರಿಂದ ರೇಡಿಯೋ ವಾಲ್ವುಗಳನ್ನೂ 1962ರಿಂದ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಅಲ್ಲಿಯವರೆಗೆ ಹಡಗಿನಲ್ಲಿ ಬರಬೇಕಾಗಿದ್ದ ವಸ್ತು ಕನ್ನಡನಾಡಿನಲ್ಲಿಯೇ ಸಿದ್ಧವಾಯಿತು. ಹೈದರಾಬಾದಿನ ಕೋಠಿಯ ಗಲ್ಲಿಗಳಲ್ಲಿ, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಬಿಡಿಭಾಗಗಳ ವ್ಯಾಪಾರ ಬೆಳೆಯಿತು. ನಮ್ಮ ಕಡೆಯ ಅಂಗಡಿಯವರು ಕೆಟ್ಟ ವಾಲ್ವನ್ನು ಚಿಂದಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಕೋಠಿಗೆ ಹೋಗಿ, ಅದನ್ನೇ ತೋರಿಸಿ, ಅದರಂಥದನ್ನೇ ತರುತ್ತಿದ್ದರು.

ಬೆಂಗಳೂರಿನದೇ ಇನ್ನೊಂದು ನಿದರ್ಶನ ನನಗೆ ಇದಕ್ಕಿಂತಲೂ ಮುಖ್ಯವಾಗಿ ತೋರುತ್ತದೆ. 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದೇಶಕ್ಕೆಲ್ಲ ದೂರವಾಣಿ ಉಪಕರಣಗಳನ್ನು ಮಾಡಿಕೊಟ್ಟಿತು. ಬೆರಳಿಟ್ಟು ತಿರುಗಿಸುವ ಆ ಭಾರವಾದ ಕಪ್ಪು ಉಪಕರಣಕ್ಕೆ ಮನೆಯವನು ಒಡೆಯನಾಗಿರಲಿಲ್ಲ. ಒಡೆತನ ಅಂಚೆ ತಂತಿ ಇಲಾಖೆಯದು, ಮನೆಯವನು ಬಾಡಿಗೆ ಕೊಡುವವನು. ಕೆಟ್ಟರೆ ಇಲಾಖೆಯ ಲೈನ್‌ಮನ್ ಬಂದು ಸರಿಪಡಿಸಬೇಕು, ಖರ್ಚು ಇಲಾಖೆಯದೇ. ರಿಪೇರಿಯ ಖರ್ಚು ತನ್ನ ಮೇಲೆ ಬೀಳುವುದಾದರೆ ವಸ್ತುವನ್ನು ಗಟ್ಟಿಯಾಗಿ, ಬಿಚ್ಚಿ ಸರಿಪಡಿಸಲು ಬರುವಂತೆ ಮಾಡಿಸುವುದೇ ಲಾಭಕರ. ಖರ್ಚು ಕೊಂಡವನ ಮೇಲೆ ಬೀಳುವುದಾದರೆ, ಹೊಸದನ್ನು ಮಾರುವುದೇ ಲಾಭಕರ. ಯಂತ್ರಗಳ ಆಯುಸ್ಸು ಎಷ್ಟೋ ವೇಳೆ ಲೋಹದ ಗುಣದಿಂದಲ್ಲ, ಈ ಲೆಕ್ಕದಿಂದ ನಿಶ್ಚಯವಾಗುತ್ತದೆ.

ಈ ಲೆಕ್ಕವನ್ನು ಮೊದಲು ಬಹಿರಂಗವಾಗಿ ಹಾಕಿದವರು ಪಶ್ಚಿಮದವರು. 1924ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಜರ್ಮನಿಯ ಓಸ್ರಾಮ್, ಹಾಲೆಂಡಿನ ಫಿಲಿಪ್ಸ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನ ಅಂಗಸಂಸ್ಥೆಗಳು ಮೊದಲಾದ ದೀಪತಯಾರಕರು ಫೀಬಸ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡರು. ಅದುವರೆಗೆ 1500ರಿಂದ 2000 ಗಂಟೆ ಉರಿಯುತ್ತಿದ್ದ ಬಲ್ಬುಗಳ ಆಯುಸ್ಸನ್ನು 1000 ಗಂಟೆಗೆ ಇಳಿಸುವುದು ಅವರ ಒಪ್ಪಂದ. ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದವರಿಗೆ ದಂಡ! ಎರಡನೆಯ ಮಹಾಯುದ್ಧ ಆ ಒಕ್ಕೂಟವನ್ನು ಮುರಿಯಿತು. ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು: ಎಳೆಯನ್ನು ಹೆಚ್ಚು ಕಾಯಿಸಿದರೆ ಅದೇ ವಿದ್ಯುತ್ತಿಗೆ ಹೆಚ್ಚು ಬೆಳಕು ಬರುತ್ತದೆ, ಆಯುಸ್ಸು ಕುಗ್ಗುತ್ತದೆ, 1951ರಲ್ಲಿ ಬ್ರಿಟನ್ನಿನ ಏಕಸ್ವಾಮ್ಯ ವಿಚಾರಣೆಯ ಆಯೋಗವೂ 1000 ಗಂಟೆ ಸಮಂಜಸವೆಂದೇ ಅಭಿಪ್ರಾಯಪಟ್ಟಿತು. ಆದರೂ ದಂಡದ ನಿಯಮವನ್ನು ಬೆಳಕಿನ ಶಾಸ್ತ್ರದಿಂದ ಸಮರ್ಥಿಸಲು ನನಗೆ ತಿಳಿದಂತೆ ಬಾರದು.

1932ರಲ್ಲಿ ಅಮೆರಿಕದ ಬರ್ನಾರ್ಡ್ ಲಂಡನ್ ಎಂಬುವನು ಒಂದು ಕಿರುಹೊತ್ತಗೆಯಲ್ಲಿ ಇನ್ನೂ ಮುಂದೆ ಹೋದನು. ಆರ್ಥಿಕ ಮುಗ್ಗಟ್ಟನ್ನು ನೀಗಬೇಕಾದರೆ ಪ್ರತಿಯೊಂದು ವಸ್ತುವಿಗೂ ಸರಕಾರವೇ ಒಂದು ಅವಧಿಯನ್ನು ಗೊತ್ತುಮಾಡಬೇಕು, ಅವಧಿ ಮುಗಿದ ವಸ್ತುವನ್ನು ಹಿಂದಕ್ಕೆ ಪಡೆದು ನಾಶಮಾಡಬೇಕು ಎಂದು ಅವನ ಸಲಹೆ. ಅದನ್ನು ಯಾವ ಸರಕಾರವೂ ಕೈಗೊಳ್ಳಲಿಲ್ಲ. ಆದರೆ 1954ರಲ್ಲಿ ಅದೇ ದೇಶದ ವಿನ್ಯಾಸಕಾರ ಬ್ರುಕ್ಸ್ ಸ್ಟೀವನ್ಸ್ ಅದೇ ಮಾತನ್ನು ಮೃದುವಾಗಿ ಹೇಳಿದನು: ಕೊಳ್ಳುವವನಲ್ಲಿ, ಅವಶ್ಯಕತೆಗಿಂತ ತುಸು ಮೊದಲೇ, ತುಸು ಹೊಸದರ ಆಸೆಯನ್ನು ಹುಟ್ಟಿಸಬೇಕು. ಇದನ್ನು ಕನ್ನಡದಲ್ಲಿ ಯೋಜಿತ ಮುಪ್ಪು ಎನ್ನೋಣ. 1960ರಲ್ಲಿ ವಾನ್ಸ್ ಪ್ಯಾಕರ್ಡ್ ಇದನ್ನು ಖಂಡಿಸಿ ಪುಸ್ತಕವನ್ನೇ ಬರೆದನು. ಜಾಲಹಳ್ಳಿಯಲ್ಲಿ ವಾಲ್ವು ತಯಾರಾಗತೊಡಗಿದ್ದು ಅದರ ಮರುವರ್ಷ. ಅವರು ಎಸೆಯುವುದರ ಬಗೆಗೆ ವಾದಿಸುತ್ತಿದ್ದಾಗ ನಾವು ಉಳಿಸಿಕೊಳ್ಳುವುದಕ್ಕೆ ಕಾರ್ಖಾನೆ ಕಟ್ಟುತ್ತಿದ್ದೆವು.

ಇದನ್ನು ನಮ್ಮ ಹಿರಿಯರ ಸದ್ಗುಣವೆಂದು ಹೊಗಳಿಕೊಳ್ಳುವುದು ಸರಿಯಲ್ಲ. ಆಮದಿನ ಮೇಲೆ ನಿರ್ಬಂಧವಿದ್ದಿತು, ಕೈಯಲ್ಲಿ ಹಣವಿರಲಿಲ್ಲ, ರೇಡಿಯೋ ಇಟ್ಟವನು ವರ್ಷವರ್ಷವೂ ಅಂಚೆಯ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ನವೀಕರಿಸಬೇಕಾಗಿದ್ದಿತು. (ಆ ಕಟ್ಟಳೆ 1980ರ ದಶಕದಲ್ಲಿ ಹೋಯಿತು.) ಬಡತನವೇ ಬಹುಮಟ್ಟಿಗೆ ನಮಗೆ ರಿಪೇರಿಯನ್ನು ಕಲಿಸಿತು. ವಾಲ್ವು ರೇಡಿಯೋ ಉಳ್ಳವರ ಮನೆಯ ವಸ್ತುವಾಗಿದ್ದಿತೆಂಬುದನ್ನೂ ಮರೆಯಬಾರದು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ರೇಡಿಯೋವನ್ನು ಅಗ್ಗ ಮಾಡಿ, ಹಗುರ ಮಾಡಿ, ವಿದ್ಯುತ್ತಿಲ್ಲದ ಊರಿಗೂ ಟಾರ್ಚಿನ ಸೆಲ್ಲುಗಳ ಮೇಲೆ ನಡೆಯುವಂತೆ ಮಾಡಿತು. ಹೊಲಕ್ಕೆ ಹೋಗುವವನು ಅದನ್ನು ಹೆಗಲಿಗೆ ತೂಗಹಾಕಿಕೊಂಡು ಹೋದನು. ಟ್ರಾನ್ಸಿಸ್ಟರು ಹಲಗೆಗೆ ಬೆಸೆದ ವಸ್ತುವಾದರೂ ಸೋಲ್ಡರಿಂಗ್ ಕಡ್ಡಿ ಹಿಡಿಯಬಲ್ಲವನಿಗೆ ಅದನ್ನು ಬದಲಾಯಿಸುವುದು ಕಷ್ಟವಾಗಿರಲಿಲ್ಲ.

ಇಲ್ಲಿ ನಮ್ಮ ಸೀಮೆಯ ಒಂದು ದೊಡ್ಡ ಪ್ರಯೋಗದ ಮಾತು ಬರುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ನೇರವಾಗಿ ತಲುಪಿಸಲಾಯಿತು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಕಲಬುರ್ಗಿ, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಆಂಧ್ರಪ್ರದೇಶದಲ್ಲಿ ಆರಿಸಿದ ಜಿಲ್ಲೆಗಳಲ್ಲಿ ಮಹಬೂಬನಗರವೂ ಒಂದು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕು ಭಾಷೆಗಳು. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳುಹಿಸುವ ಅನುಕೂಲವೂ ಆ ಉಪಗ್ರಹದಲ್ಲಿದ್ದಿತು. ಗ್ರಾಹಕ ಯಂತ್ರಗಳನ್ನು ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸಿತು, ಆಕಾಶದತ್ತ ಮುಖಮಾಡಿದ ಸುಮಾರು ಹತ್ತು ಅಡಿ ಅಗಲದ ಬುಟ್ಟಿಯನ್ನು ಕೋಳಿಗೂಡಿನ ತಂತಿಬಲೆಯಿಂದ ಮಾಡಿದ್ದರು.

ನಮ್ಮ ವಿಷಯಕ್ಕೆ ಬೇಕಾದುದು ಇದು: ಆ ಪ್ರಯೋಗವನ್ನು ಯೋಜಿಸಿದವರು ಯಂತ್ರ ಕೆಡುತ್ತದೆಂಬುದನ್ನು ಮೊದಲೇ ಒಪ್ಪಿಕೊಂಡಿದ್ದರು. ಹಳ್ಳಿಗಳ ನಡುವೆ ದುರಸ್ತಿಯ ಕೇಂದ್ರಗಳನ್ನು ತೆರೆದು, ಕೆಲಸ ಬಲ್ಲವರನ್ನು ನೇಮಿಸಿ, ಅವರು ಜೀಪಿನಲ್ಲಿ ಬಿಡಿಭಾಗಗಳನ್ನು ಹೇರಿಕೊಂಡು ಮಣ್ಣಿನ ರಸ್ತೆಗಳಲ್ಲಿ ಹಳ್ಳಿಗೆ ಹೋಗುವ ಏರ್ಪಾಟು ಮಾಡಿದ್ದರು. ಯೋಜಿತ ಮುಪ್ಪಿನ ಎದುರಿಗೆ ಇದೊಂದು ಯೋಜಿತ ದುರಸ್ತಿ. ಸೈಟಿನ ಪಾಠಗಳೆಷ್ಟು, ಅವುಗಳಿಂದ ಮಕ್ಕಳು ಕಲಿತುದೆಷ್ಟು ಎಂಬ ಚರ್ಚೆ ಬಹಳ ನಡೆದಿದೆ. ಆ ಜೀಪುಗಳ ವಿಷಯ ಅಷ್ಟಾಗಿ ಯಾರೂ ಆಡುವುದಿಲ್ಲ. ಒಂದು ವರ್ಷ ಮುಗಿದ ಮೇಲೆ ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಪಡೆದರು. 1977ರಲ್ಲಿ ಕಲಬುರ್ಗಿಯಲ್ಲಿ ನೆಲದ ಮೇಲಿನ ದೂರದರ್ಶನ ಪ್ರೇಷಕ ಬಂದಿತು.

1982ರ ದೆಹಲಿಯ ಏಷ್ಯನ್ ಕ್ರೀಡೆಗಳೊಡನೆ ಬಣ್ಣದ ಟಿ.ವಿ. ಬಂದಿತು. ಅಲ್ಲಿಂದ ಸುಮಾರು ಇಪ್ಪತ್ತೈದು ವರ್ಷ ನಮ್ಮ ಪೇಟೆಗಳ ರಿಪೇರಿ ಅಂಗಡಿಗಳಿಗೆ ಸುಗ್ಗಿಯ ಕಾಲವೆಂದೇ ಹೇಳಬಹುದು. ಅನಂತರದ ಇಳಿತ ಒಮ್ಮೆಗೇ ಆದುದಲ್ಲ. ಮೊದಲು, ನೂರಾರು ಭಾಗಗಳ ಕೆಲಸವನ್ನು ಒಂದೇ ಚಿಪ್ಪು ವಹಿಸಿಕೊಂಡಿತು. ಭಾಗಗಳು ಸಾಸಿವೆ ಕಾಳಿನಷ್ಟಾದುವು. ಕೈಯ ಕಡ್ಡಿಗೆ ಅವು ಸಿಕ್ಕಲೊಲ್ಲವು. ಚಿತ್ರನಳಿಗೆಯ ಟಿ.ವಿ. ಹೋಗಿ ಚಪ್ಪಟೆ ಟಿ.ವಿ. ಬಂದ ಮೇಲೆ ಪರದೆ ಒಡೆದರೆ ಅದರ ಬೆಲೆ ಹೊಸ ಟಿ.ವಿ.ಯ ಬೆಲೆಯ ಹತ್ತಿರಕ್ಕೇ ಹೋಗುತ್ತದೆ. ಇವು ತಂತ್ರದ ಬೆಳವಣಿಗೆಯ ಫಲಗಳು, ಯಾರನ್ನೂ ದೂರುವಂತಿಲ್ಲ. ಆದರೆ ತಿರುಪಿನ ಬದಲು ಅಂಟು ಬಂದುದು, ಬ್ಯಾಟರಿಯನ್ನು ಒಳಗೆ ಹೂತುದು, ಸಾಮಾನ್ಯ ತಿರುಪುಳಿಗೆ ಹೊಂದದ ತಲೆಯ ತಿರುಪುಗಳು ಬಂದುದು, ಒಂದು ಫೋನಿನ ಅಸಲಿ ಭಾಗವನ್ನು ಅದೇ ಬಗೆಯ ಇನ್ನೊಂದು ಫೋನಿಗೆ ಹಾಕಿದರೆ ತಂತ್ರಾಂಶವು ಅದನ್ನು ಒಪ್ಪದಂತೆ ಮಾಡಿದುದು, ಇವು ತಂತ್ರದ ಅನಿವಾರ್ಯತೆಗಳಲ್ಲ. ಯಾರೋ ಕುಳಿತು ಮಾಡಿದ ನಿರ್ಧಾರಗಳು. ನಕ್ಷೆಯ ಕಾಗದವಂತೂ ಪೆಟ್ಟಿಗೆಯಿಂದ ಎಂದೋ ಮಾಯವಾಯಿತು. ಅದರ ಜಾಗದಲ್ಲಿ ಇರುವುದು ಎಚ್ಚರಿಕೆ: ಒಳಗೆ ಬಳಕೆದಾರರು ಸರಿಪಡಿಸಬಹುದಾದ ಭಾಗಗಳಿಲ್ಲ, ಮುದ್ರೆ ಒಡೆದರೆ ವಾರಂಟಿ ಇಲ್ಲ.

ಕೌಶಲ ಸತ್ತಿದೆಯೇ ಎಂದರೆ, ಇಲ್ಲ. 2015ರಲ್ಲಿ ಕೇಂದ್ರ ಸರಕಾರದ ಉಜಾಲಾ ಯೋಜನೆಯಿಂದ ಎಲ್.ಇ.ಡಿ. ಬಲ್ಬುಗಳು ಅಗ್ಗವಾಗಿ ಮನೆಮನೆಗೂ ಬಂದುವು. ಆ ಬಲ್ಬಿನೊಳಗೆ ಸಣ್ಣ ದೀಪಗಳನ್ನು ಜಾತ್ರೆಯ ಸೀರಿಯಲ್ ಲೈಟುಗಳಂತೆ ಒಂದರ ಹಿಂದೆ ಒಂದು ಪೋಣಿಸಿರುತ್ತಾರೆ. ಒಂದು ಸತ್ತರೆ ಎಲ್ಲವೂ ಆರುತ್ತವೆ. ಸಂತೆಯ ಮೂಲೆಯಲ್ಲಿ ಕುಳಿತ ಹುಡುಗನೊಬ್ಬನು ಮುಚ್ಚಳವನ್ನು ತೆಗೆದು, ಕಪ್ಪು ಚುಕ್ಕೆಯಿಂದ ಸತ್ತದ್ದನ್ನು ಗುರುತಿಸಿ, ಕಿತ್ತು, ಬೇರೊಂದನ್ನು ಬೆಸೆದು ಕೆಲವೇ ರೂಪಾಯಿಗಳಿಗೆ ಕೊಡುತ್ತಾನೆ. ಅವನಿಗೆ ಯಾರೂ ನಕ್ಷೆ ಕೊಟ್ಟಿಲ್ಲ. ಅವನು ಕಲಿತುದೆಲ್ಲ ಒಡೆದು ನೋಡಿ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆ ನಮ್ಮ ಮನೆಯ ಹೊಸ್ತಿಲಿಗೇ ಬಂದಿತು. ಫೋನೇ ಶಾಲೆಯಾಯಿತು. ನನ್ನ ತರಗತಿಯ ಒಬ್ಬ ಹುಡುಗಿಯ ಮನೆಯಲ್ಲಿದ್ದುದು ಒಂದೇ ಫೋನು. ಅದರ ಬ್ಯಾಟರಿ ಉಬ್ಬಿಕೊಂಡಿತು. ಅಂಗಡಿಯವನು ಅಂಟು ಬಿಡಿಸಲು ಹೋಗಿ ಪರದೆ ಬಿರುಕುಬಿಟ್ಟಿತು. ರಿಪೇರಿಗೆ ಹೇಳಿದ ಬೆಲೆಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತಿದ್ದಿತು, ಆದರೆ ಆ ಇನ್ನಷ್ಟು ಆ ಮನೆಯಲ್ಲಿ ಇರಲಿಲ್ಲ. ಉಳಿದ ವರ್ಷವೆಲ್ಲ ಆಕೆ ಪಾಠದಿಂದ ದೂರವಾದಳು. ಶಾಲೆ ತೆರೆದಾಗ ಬಂದಳೆಂಬುದು ನಮ್ಮ ಭಾಗ್ಯ.

ಇಂಥ ಫೋನುಗಳು, ಟಿ.ವಿ.ಗಳು ಕೊನೆಗೆ ಎಲ್ಲಿ ಹೋಗುತ್ತವೆ? 2022ರ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನುಗಳೆಂದೂ ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದುದಕ್ಕೆ ಲೆಕ್ಕವಿರುವುದು ಶೇಕಡಾ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ಹೇಳುತ್ತದೆ. ಸರಕಾರಗಳು ಈಗ ಎಚ್ಚತ್ತಿವೆ. ಫ್ರಾನ್ಸು 2015ರಲ್ಲಿ ಯೋಜಿತ ಮುಪ್ಪನ್ನು ಅಪರಾಧವೆಂದು ಸಾರಿತು; 2021ರಲ್ಲಿ ಅಲ್ಲಿ ಫೋನು, ಟಿ.ವಿ. ಮೊದಲಾದ ವಸ್ತುಗಳ ಮೇಲೆ, ಎಷ್ಟು ಸುಲಭವಾಗಿ ಸರಿಪಡಿಸಬಹುದೆಂಬುದಕ್ಕೆ ಹತ್ತರಲ್ಲಿ ಎಷ್ಟು ಅಂಕವೆಂದು ಬರೆಯಬೇಕೆಂಬ ನಿಯಮ ಜಾರಿಗೆ ಬಂದಿತು. ಪರೀಕ್ಷೆಯ ಅಂಕಪಟ್ಟಿ ಯಂತ್ರಗಳಿಗೂ ಬಂದಿತೆಂದು ನಮ್ಮ ಮಕ್ಕಳು ನಕ್ಕರು. ಐರೋಪ್ಯ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ನಿರ್ದೇಶನವನ್ನು ಹೊರಡಿಸಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈನಲ್ಲಿ ಇದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. ಅದೇ ಡಿಸೆಂಬರಿನಲ್ಲಿ, ತಯಾರಕರು ದುರಸ್ತಿಯ ವಿವರಗಳನ್ನು ಜನರಿಗೆ ತಿಳಿಸುವ ಒಂದು ಜಾಲತಾಣವನ್ನು ತೆರೆಯಿತು. ಪುಸ್ತಕ ಸಿಕ್ಕಿದರೂ ಅದನ್ನು ಓದಬೇಕಲ್ಲವೇ? ಹಳೆಯ ನಕ್ಷೆಗೆ ಒಂದು ದೊಡ್ಡ ಗುಣವಿದ್ದಿತು. ಅದರ ಗೆರೆಗಳಿಗೆ ಭಾಷೆ ಇರಲಿಲ್ಲ. ಉರ್ದು ಬಲ್ಲವನೂ ತೆಲುಗಿನವನೂ ಕನ್ನಡದವನೂ ಅದನ್ನು ಒಂದೇ ರೀತಿಯಲ್ಲಿ ಓದಿದರೆಂಬುದಕ್ಕೆ ನಮ್ಮ ಪೆಟ್ಟಿಗೆಯ ಅಂಚಿನ ಬರವಣಿಗೆಯೇ ಸಾಕ್ಷಿ.

ಆ ನಕ್ಷೆಯನ್ನು ಒಂಬತ್ತನೆಯ ತರಗತಿಯ ಮಕ್ಕಳು ನಕಲು ಮಾಡಿದರು. ಈ ಪತ್ರಿಕೆಗೆ ಬಳಸುವ ಸ್ಟೆನ್ಸಿಲ್ ಹಾಳೆಯ ಮೇಲೆಯೇ ಗೀರುವುದು ಅವರ ಉತ್ಸಾಹವಾಗಿದ್ದಿತು. ಗೆರೆಗಳು ದಟ್ಟವಾದುದರಿಂದ ಹಾಳೆ ಎರಡು ಬಾರಿ ಹರಿಯಿತು, ಮೂರನೆಯದು ನಿಂತಿತು. ಗೀರುವಾಗ ಒಬ್ಬ ಹುಡುಗನು ಒಂದು ಪೆನ್ಸಿಲ್ ಗುರುತನ್ನು ತೋರಿಸಿ ಇದೇನೆಂದು ಕೇಳಿದನು. ವಿದ್ಯುತ್ತು ಒಳಬರುವ ಟ್ರಾನ್ಸ್‌ಫಾರ್ಮರಿನ ಬಳಿ 200, 220, 250 ಎಂದು ಮೂರು ತುದಿಗಳನ್ನು ನಕ್ಷೆ ತೋರಿಸುತ್ತದೆ. 220ರದನ್ನು ಹೊಡೆದುಹಾಕಿ 250ಕ್ಕೆ ಯಾರೋ ಸುತ್ತು ಹಾಕಿದ್ದರು. ನನಗೆ ಅರ್ಥವಾಗಲಿಲ್ಲ. ಕನ್ನಡದ ಸಾಲಿನ ಅಕ್ಷರವನ್ನು ಗುರುತಿಸಿದ ಹಿರಿಯರೊಬ್ಬರು ಅದನ್ನು ಬರೆದವರು ಇನ್ನೂ ನಾರಾಯಣಪೇಟೆಯಲ್ಲಿ ಇದ್ದಾರೆಂದರು. ಹೋಗಿ ಕಾಗದವನ್ನು ತೋರಿಸಿದೆವು. ವೃದ್ಧರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ ಹೇಳಿದರು: "ನಂದೇ ಕೈ ಇದು, ಮಾಸ್ತರೇ. ಹಗಲಿ ಬಾವಿ ಮ್ಯಾಗಿನ ಪಂಪು ನಡದಾಗ ಕರೆಂಟು ಇಳೀತಿತ್ತು. ರಾತ್ರಿ ಪಂಪೆಲ್ಲ ಬಂದಾದ್ವಂದ್ರ ಒಮ್ಮೆಲೆ ಏರತಿತ್ತು. ನಿಮ್ಮ ಮಾವ ರಾತ್ರಿನೇ ರೇಡಿಯೋ ಹಚ್ಚವರು. ವಾಲ್ವು ಸುಡಬಾರದಂತ ತಂತಿ ಆ ಕಡಿ ಹಾಕಿದ್ದೆ." ಹುಡುಗನು ಅದನ್ನೂ ತನ್ನ ನಕಲಿನಲ್ಲಿ ಬರೆದುಕೊಂಡನು.